ಒರಳಿನಲ್ಲಿ ನಿಂತ ಶಾಲೆ

ನಾನು ಮಾಷ್ಟ್ರಾದದ್ದು ನನ್ನ ವಿದ್ಯೆಯಿಂದ ಅಲ್ಲ. ಬೇರೆ ಯಾರೂ ಆ ಊರಿಗೆ ಹೋಗಲು ಒಪ್ಪಲಿಲ್ಲ, ಅದರಿಂದ. ಐದಾರು ವರ್ಷದ ಹಿಂದಿನ ಮಾತು. ಎಂಟನೇ ಕ್ಲಾಸಿನ ಪರೀಕ್ಷೆಗೆ ಎರಡು ಸಲ ಕೂತು ಪಾಸಾದವನು ನಾನು. ಮೂಡುಬಿದಿರೆಯಲ್ಲಿ ಮಾವನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಒಂದು ದಿನ ಅಲ್ಲಿ ಚಾ ಕುಡಿಯಲು ಕೂತ ಒಬ್ಬ ಯಜಮಾನರು, ತಮ್ಮ ಶಾಲೆಗೆ ಮಾಷ್ಟ್ರು ಸಿಗುವುದಿಲ್ಲ ಎಂದು ಮಾವನ ಹತ್ತಿರ ಗೋಳು ಹೇಳುತ್ತಿದ್ದರು. ಬೆಳ್ತಂಗಡಿ ದಾಟಿ, ಚಾರ್ಮಾಡಿ ರಸ್ತೆಯಲ್ಲಿ ಬಸ್ಸು ಇಳಿದು, ಒಳಗೆ ನಡೆಯಬೇಕಾದ ಊರು. ಆ ಊರಿನ ದೊಡ್ಡ ಮನೆ, ಗುತ್ತು, ಅವರದ್ದು. ಗದ್ದೆಗಳು ಹೆಚ್ಚಿನವು ಅವರವು. ಶಾಲೆಯ ಮ್ಯಾನೇಜರೂ ಅವರೇ.

"ಇವನು ಎಷ್ಟು ಓದಿದ್ದಾನೆ?" ಎಂದು ನನ್ನ ಕಡೆ ಗಲ್ಲ ಎತ್ತಿ ಕೇಳಿದರು.

"ಎಂಟು ಆಗಿದೆ. ಎರಡು ಸಲ ಆಗಿದೆ," ಎಂದರು ಮಾವ.

"ಹಾಗಾದ್ರೆ ಗಟ್ಟಿ ಇರ್ಬೇಕು. ಎಮ್ಮೆಗೆ ಹೆದರ್ತಾನಾ?"

"ಶಾಲೆಗೆ ಎಮ್ಮೆ ಎಂತಕ್ಕೆ ಧಣಿ?"

"ಅದು ಅಲ್ಲಿಗೆ ಬಂದ ಮೇಲೆ ಗೊತ್ತಾಗ್ತದೆ."

ಬಂದ ಮೇಲೆ ಗೊತ್ತಾಯಿತು. ಶಾಲೆ ಎಂದರೆ ಗುತ್ತಿನ ಹಳೇ ಹಟ್ಟಿ. ದನ ಎಮ್ಮೆಗಳಿಗೆ ಹೊಸ ಹಟ್ಟಿ ಕಟ್ಟಿಸಿ, ಹಳೆಯದನ್ನು ಮಕ್ಕಳಿಗೆ ಬಿಟ್ಟಿದ್ದರು. ಉಳಿದ ದನಗಳು ಒಪ್ಪಿದ್ದವು. ಒಂದು ಎಮ್ಮೆ ಒಪ್ಪಿರಲಿಲ್ಲ. ಮೇಯಲು ಬಿಟ್ಟರೆ ಹನ್ನೊಂದು ಗಂಟೆಗೆ ಸರಿಯಾಗಿ ಬಂದು ಮೂರನೇ ಕ್ಲಾಸಿನ ಜಾಗದಲ್ಲಿ ನಿಲ್ಲುತ್ತಿತ್ತು. ಓಡಿಸಿದರೆ ಸುತ್ತು ಹಾಕಿ ಒಂದನೇ ಕ್ಲಾಸಿನ ಕಡೆಯಿಂದ ಬರುತ್ತಿತ್ತು. ಆ ವರ್ಷ ಅದರಷ್ಟು ಹಾಜರಿ ಇದ್ದ ಮಕ್ಕಳು ಕಡಿಮೆ.

ಒಂದರಿಂದ ಐದರವರೆಗೆ ಕ್ಲಾಸು, ಮಾಷ್ಟ್ರು ನಾನೊಬ್ಬನೇ. ಗೋಡೆ ಮೂರು ಕಡೆ ಅರ್ಧ ಮಟ್ಟಕ್ಕೆ. ಮೇಲೆ ಮಾಡಿಗೆ ಮುಳಿಹುಲ್ಲಿನ ಹೊದಿಕೆ. ಕೂರಲು ತೆಂಗಿನ ಮಡಲಿನ ಚಾಪೆ. ಬೋರ್ಡು ಒಂದು, ಅದಕ್ಕೆ ತೆಂಗಿನ ಗೆರಟೆ ಸುಟ್ಟ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಮಕ್ಕಳೇ ಬಳಿಯುತ್ತಿದ್ದರು. ಸೀಮೆಸುಣ್ಣ ತುಂಡಾಗಿ ತುಂಡಾಗಿ ಉಗುರಿನಷ್ಟು ಆಗುವವರೆಗೆ ಬಿಡುವಂತಿರಲಿಲ್ಲ. ಸೀಮೆಸುಣ್ಣ ಬೇಕು ಎಂದು ಯಜಮಾನರ ಹತ್ತಿರ ಹೇಳಿದರೆ, "ನೋಡುವ," ಎನ್ನುತ್ತಿದ್ದರು. ಬೆಂಚು? "ನೋಡುವ." ಭೂಪಟ? "ಅದೂ ನೋಡುವ." ಅವರು ಕೆಟ್ಟವರಲ್ಲ. ನನಗೆ ಗುತ್ತಿನ ಚಾವಡಿಯ ಪಕ್ಕ ಒಂದು ಕೋಣೆ, ಎರಡು ಹೊತ್ತು ಊಟ ಕೊಟ್ಟಿದ್ದರು. ನೋಡುವ ಎಂದದ್ದನ್ನು ಮಾತ್ರ ನೋಡುತ್ತಿರಲಿಲ್ಲ.

ಇನ್ನೊಂದು ತಮಾಷೆ ಭಾಷೆಯದ್ದು. ಊರಲ್ಲಿ ಎಲ್ಲರೂ ತುಳು ಮಾತಾಡುವವರು, ನಾನೂ ಹಾಗೆಯೇ. ಇಲ್ಲಿ ನಾನು ಕನ್ನಡದಲ್ಲಿ ಬರೆದ ಮಾತುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ಆಡಿದವು. ಮಕ್ಕಳು ಕನ್ನಡ ಕೇಳುತ್ತಿದ್ದದ್ದು ಪುಸ್ತಕದಿಂದ ಮಾತ್ರ. ಹಾಗಾಗಿ ಅವರು ಮಾತಾಡಿದರೆ ಪುಸ್ತಕವೇ ಎದ್ದು ನಿಂತ ಹಾಗೆ. ಒಬ್ಬ ಹುಡುಗ ಒಂದು ದಿನ ಓಡಿ ಬಂದು ಕೈಕಟ್ಟಿ ನಿಂತು, "ಗುರುಗಳೇ, ನನ್ನ ತಮ್ಮನು ಕೆರೆಯೊಳಗೆ ಬಿದ್ದಿರುವನು," ಎಂದ. ಅವನು ಕ್ರಿಯಾಪದ ಹುಡುಕಿ ಮುಗಿಸುವಷ್ಟರಲ್ಲಿ ತಮ್ಮನೇ ಒದ್ದೆಯಾಗಿ ಹಿಂದಿನಿಂದ ಬಂದು ನಿಂತಿದ್ದ. "ಇನ್ನು ಮುಂದೆ ಯಾರಾದರೂ ನೀರಿಗೆ ಬಿದ್ದರೆ ತುಳುವಿನಲ್ಲಿ ಹೇಳಿ," ಎಂದು ಆವತ್ತು ನಾನು ಕಾನೂನು ಮಾಡಿದೆ.

ಮಳೆಗಾಲದಲ್ಲಿ ಗದ್ದೆಗೆ ನೇಜಿ ನೆಡುವುದು ಶುರುವಾದ ಕೂಡಲೇ ಶಾಲೆ ಖಾಲಿ. ಮಕ್ಕಳನ್ನು ಎಳೆದು ತರುತ್ತೇನೆ ಎಂದು ಸಿಟ್ಟಿನಲ್ಲಿ ಗದ್ದೆಗೆ ಹೋದೆ. ಅಲ್ಲಿ ಹೊಳೆಬದಿಯ ಮನೆಯ ಅಕ್ಕ ಇದ್ದಳು. ಅವಳ ಗಂಡ ಘಟ್ಟದ ಮೇಲೆ ಕಾಫಿ ತೋಟದ ಕೆಲಸಕ್ಕೆ ಹೋಗುವವನು, ವರ್ಷಕ್ಕೊಮ್ಮೆ ಬರುವವನು. ಮೂರು ಮಕ್ಕಳು ನನ್ನ ಶಾಲೆಯಲ್ಲೇ. ಬಾಯಿ ಅಂದರೆ ಬಾಯಿ.

"ಎಂತ ಮಾಷ್ಟ್ರೆ, ಶಾಲೆ ಬಿಟ್ಟು ಗದ್ದೆಗೆ?"

"ಮಕ್ಕಳನ್ನು ಕರ್ಕೊಂಡು ಹೋಗ್ಲಿಕ್ಕೆ."

"ಕರ್ಕೊಂಡು ಹೋಗಿ. ಮೂರು ಜನ ಹೋದ್ರೆ ಅವರ ಸಾಲು ಯಾರು ನೆಡುವುದು? ನೀವು ನೆಡ್ತೀರಾ? ಬನ್ನಿ, ಇಳೀರಿ."

ಇಳಿದೆ. ಸಂಜೆಯವರೆಗೆ ನೆಟ್ಟೆ. ಅವಳು ನನ್ನ ಸಾಲನ್ನು ನೋಡಿ, "ಇದು ಎಂತ, ಬೋರ್ಡಿನ ಮೇಲೆ ಒಂದನೇ ಕ್ಲಾಸಿನವರು ಬರೆದ ಹಾಗೆ ಉಂಟಲ್ಲ," ಎಂದಳು. ಗದ್ದೆಯಲ್ಲಿದ್ದವರೆಲ್ಲ ನಕ್ಕರು. ಆದರೆ ಮರುದಿನ ಮಕ್ಕಳು ಶಾಲೆಗೆ ಬಂದರು. ಆಮೇಲೆ ಅವಳ ಬಾಯಿಗೆ ನಾನು ಎದುರಾಡಲಿಲ್ಲ.

ಜನವರಿಯಲ್ಲಿ ಮಾಡು ಬಿತ್ತು. ಗಾಳಿ ಇಲ್ಲ, ಮಳೆ ಇಲ್ಲ. ಮಧ್ಯಾಹ್ನ ಮಕ್ಕಳು ಗಂಜಿ ಉಣ್ಣಲು ಮನೆಗೆ ಹೋಗಿದ್ದರು. ಎಮ್ಮೆ ಬಂದು ನಡುವಿನ ಕಂಬಕ್ಕೆ ಬೆನ್ನು ತುರಿಸಿಕೊಂಡಿತು. ಕಂಬವನ್ನು ಗೆದ್ದಲು ತಿಂದು ಒಳಗೆ ಟೊಳ್ಳು ಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ. ಇಡೀ ಮಾಡು ಸೊಂಟ ನೋವಿನ ಅಜ್ಜ ಕೂತ ಹಾಗೆ ಮೆಲ್ಲ ಕೂತಿತು. ಎಮ್ಮೆ ಹುಲ್ಲು ಕೊಡವಿ ಹೊರಗೆ ಬಂತು. ಮಕ್ಕಳು ಬಂದು ನೋಡಿ ಚಪ್ಪಾಳೆ ಹೊಡೆದರು, ರಜೆ ಎಂದು. ನಾನು ರಜೆ ಕೊಡಲಿಲ್ಲ. ಅಂಗಳದ ಕೊನೆಯ ಹಲಸಿನ ಮರದ ಬುಡದಲ್ಲಿ ಕೂರಿಸಿದೆ. ಕೆಂಪು ಇರುವೆ ಕಚ್ಚುತ್ತಿತ್ತು, ಮೇಲಿನಿಂದ ಕಾಗೆ ಹಿಕ್ಕೆ ಹಾಕುತ್ತಿತ್ತು, ಆದರೂ ಮಗ್ಗಿ ನಡೆಯಿತು.

"ಧಣಿ, ಮಾಡು?" ಎಂದೆ.

"ನೋಡುವ."

ಬಿದಿರು ಕಡಿಸಿ ತಂದು ಹಾಕಿಸಿದರು, ಅದು ನಿಜ. ಕಂಬಕ್ಕೆ ಮರ ಕೊಟ್ಟರು. ಮುಳಿಹುಲ್ಲು ಗುಡ್ಡದಿಂದ ಬಂತು. ಎಲ್ಲ ಅಂಗಳದಲ್ಲಿ ರಾಶಿ ಬಿತ್ತು. ಕಟ್ಟುವ ದಿನ ಮಾತ್ರ ಬರಲಿಲ್ಲ. ಅಡಿಕೆ ಕೊಯ್ಲು ಮುಗಿಯಲಿ, ಬೆಲ್ಲದ ಆಲೆ ಮುಗಿಯಲಿ ಎಂದು ದಿನ ಹೋಯಿತು.

ಆಗ ಯಜಮಾನರು ಬೆಳ್ತಂಗಡಿಗೆ ಹೋಗಿ ಬಂದರು, ಮುಖ ಸಣ್ಣದು ಮಾಡಿಕೊಂಡು. ಶಾಲೆಗಳನ್ನು ನೋಡುವ ಇನ್‌ಸ್ಪೆಕ್ಟರು ಹೊಸಬರು ಬಂದಿದ್ದರು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಇವರು ಘಟ್ಟದ ಮೇಲಿನವರು.

"ಮರದ ಕೆಳಗೆ ನಡೆಯುವುದು ಶಾಲೆ ಅಲ್ಲ, ಸಂತೆ ಅಂತೆ," ಎಂದರು ಯಜಮಾನರು. "ಬರುವ ಶನಿವಾರ ಅವರೇ ಬರ್ತಾರಂತೆ. ಮಾಡು ಕಾಣದಿದ್ರೆ ಮಾನ್ಯತೆ ತೆಗೀತಾರಂತೆ. ಮಕ್ಕಳನ್ನು ಹೊಳೆಯ ಆಚೆ ಶಾಲೆಗೆ ಕಳಿಸಿ ಅಂತ ಹೇಳಿದ್ರು."

ಹೊಳೆಯ ಆಚೆ ಶಾಲೆ ಇತ್ತು, ಒಳ್ಳೆಯ ಶಾಲೆಯೇ. ಆದರೆ ಹೊಳೆ ದಾಟಲು ಇದ್ದದ್ದು ಅಡಿಕೆ ಮರದ ಸಂಕ. ಜೂನಿನಲ್ಲಿ ಮೊದಲ ನೆರೆಗೆ ಅದು ಹೋಗುತ್ತದೆ, ದೀಪಾವಳಿಗೆ ಮತ್ತೆ ಹಾಕುತ್ತಾರೆ. ಅಂದರೆ ಅರ್ಧ ವರ್ಷ ಆ ಮಕ್ಕಳಿಗೆ ಶಾಲೆ ಇಲ್ಲ. ಅರ್ಧ ವರ್ಷ ಇಲ್ಲದ ಶಾಲೆಗೆ ಉಳಿದ ಅರ್ಧ ವರ್ಷ ಯಾರೂ ಹೋಗುವುದಿಲ್ಲ, ಅದು ನನಗೆ ಗೊತ್ತಿತ್ತು. ಆಗಷ್ಟೆ ನಾಲ್ಕನೆಯ ಕ್ಲಾಸಿನವರು ತಡವರಿಸದೆ ಓದಲು ಶುರು ಮಾಡಿದ್ದರು. ನನ್ನ ಕೆಲಸವೂ ಹೋಗುತ್ತಿತ್ತು, ಅದು ಬೇರೆ.

ರಾತ್ರಿಯೊಳಗೆ ಊರಿನ ಹತ್ತಿಪ್ಪತ್ತು ಮನೆಯವರನ್ನು ಗುತ್ತಿನ ಚಾವಡಿಗೆ ಕರೆಸಿದರು. ನಾನು ಎದ್ದು ನಿಂತು ಹೇಳಿದೆ, "ಎಲ್ಲ ಸಾಮಾನು ಉಂಟು. ಶುಕ್ರವಾರ ಎಲ್ಲರೂ ಬನ್ನಿ. ಹಲಸಿನ ಮರದ ಬದಿಗೆ ಗುಂಡಿ ತೋಡಿ ಕಂಬ ನಿಲ್ಲಿಸಿ ಹುಲ್ಲು ಹೊದಿಸುವ. ಒಂದೇ ದಿನದ ಕೆಲಸ."

"ಹಾಗೇ ಮಾಡುವ," ಎಂದರು ಯಜಮಾನರು.

ಒಬ್ಬರ ಮುಖ ಒಬ್ಬರು ನೋಡಿದರು. ಒಣಮೀನು, ಉಪ್ಪು, ಬೆಲ್ಲ ಮಾರುವ ಅಂಗಡಿಯ ಸಾಹುಕಾರರು, ಬ್ಯಾರಿ ಮುಸಲ್ಮಾನರು, ಬಾಯಿ ತೆರೆದು ಮತ್ತೆ ಮುಚ್ಚಿದರು. "ಆಯ್ತು ಧಣಿ," ಎಂದು ಎಲ್ಲರೂ ಎದ್ದು ಹೋದರು. ಇಷ್ಟು ಸುಲಭದಲ್ಲಿ ಆಯಿತಲ್ಲ ಎಂದು ನಾನು ಎದೆ ಉಬ್ಬಿಸಿದೆ. ಗುರುವಾರ ಸಂಜೆ ಗುತ್ತಿನ ಒಳಗಿನಿಂದ ನನಗೆ ಒಂದು ಬಟ್ಟಲು ನನ್ನೆರಿ ಬಂತು. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಹಾಕಿದ್ದು. ಖುಷಿಯಲ್ಲಿ ತಿಂದೆ. ಅದು ಯಾಕೆ ಬಂತು ಎಂದು ಯೋಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಊರಿಗೆ ಊರೇ ಬಂದಿತ್ತು. ಗಂಡಸರು, ಹೆಂಗಸರು, ಮಕ್ಕಳು. ಅಂಗಳದ ಸುತ್ತ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಒಬ್ಬರ ಕೈಯಲ್ಲೂ ಹಾರೆ ಇಲ್ಲ, ಪಿಕ್ಕಾಸು ಇಲ್ಲ.

"ಎಲ್ಲಿ ಹಾರೆ, ಪಿಕ್ಕಾಸು?" ಎಂದೆ.

ಯಾರೂ ಎದ್ದೇಳಲಿಲ್ಲ. ನನಗೆ ತಾಳ್ಮೆ ಕಡಿಮೆ. ಗುತ್ತಿನ ಹಟ್ಟಿಯಿಂದ ಒಂದು ಪಿಕ್ಕಾಸು ತಂದೆ, ನೆಲಕ್ಕೆ ಗುರಿ ಇಟ್ಟು ಎತ್ತಿದೆ.

"ಏ ಮಾಷ್ಟ್ರೆ! ಇಳಿಸಿ ಅದನ್ನು!" ಹೊಳೆಬದಿಯ ಅಕ್ಕ ಓಡಿ ಬಂದು ಅದರ ಹಿಡಿಯನ್ನೇ ಹಿಡಿದುಬಿಟ್ಟಳು. "ಕೆಡ್ಡಸ ಅಲ್ವಾ! ನಿನ್ನೆಯಿಂದ ಶುರು. ನಾಳೆ ಮುಗೀಬೇಕು. ಅಷ್ಟರವರೆಗೆ ನೆಲಕ್ಕೆ ಪೆಟ್ಟು ಹಾಕ್ಲಿಕ್ಕುಂಟಾ?"

ಕೆಡ್ಡಸ ನನಗೂ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತು. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ ಇಡುತ್ತಾರೆ. ಆದರೆ ನಾನು ಪೇಟೆಯ ಹೋಟೆಲಿನ ಹಿಂದೆ ಬೆಳೆದವನು. ನನ್ನ ಮಟ್ಟಿಗೆ ಕೆಡ್ಡಸ ಎಂದರೆ ನನ್ನೆರಿ, ಅಷ್ಟೇ.

"ಇದನ್ನು ಆವತ್ತು ಚಾವಡಿಯಲ್ಲಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಕೂಗಿದೆ.

"ಧಣಿಗಳು ಹಾಗೇ ಮಾಡುವ ಅಂದ್ರಲ್ಲ," ಎಂದ ಒಬ್ಬ. "ಅವರ ಎದುರು ನಾವು ಹೇಗೆ ಹೇಳುವುದು?"

ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ಕೆಮ್ಮಿದರು. "ಮಾಷ್ಟ್ರು ದಿನ ಹೇಳಿದ್ರು. ಓದಿದವರು, ಪಂಚಾಂಗ ನೋಡಿಯೇ ಹೇಳಿರ್ತಾರೆ ಅಂತ ನಾನು ಎಣಿಸಿದೆ."

"ನಾನು ಇನ್‌ಸ್ಪೆಕ್ಟರ ದಿನ ನೋಡಿ ಹೇಳಿದ್ದು ಧಣಿ!"

"ನಾನು ಹೇಳುವಾ ಅಂತ ಇದ್ದೆ," ಎಂದರು ಸಾಹುಕಾರರು. "ಆದ್ರೆ ನಿಮ್ಮ ಕೆಡ್ಡಸವನ್ನು ನಿಮಗೆ ನಾನು ನೆನಪು ಮಾಡುವುದು ಚಂದ ಅಲ್ಲ ಅಂತ ಬಿಟ್ಟೆ."

"ನಿಮಗೆ ಕೆಡ್ಡಸ ಇಲ್ಲ ಅಲ್ವಾ ಸಾಹುಕಾರ್ರೆ? ನೀವು ಗುಂಡಿ ತೋಡಿ," ಎಂದೆ.

"ಇಲ್ಲ ಮಾರಾಯ್ರೆ. ನನ್ನ ಅಜ್ಜ ಇಲ್ಲಿಗೆ ಬಂದ ಮೇಲೆ ನಮ್ಮಲ್ಲಿ ಯಾರೂ ಈ ಮೂರು ದಿನ ಹಾರೆ ಮುಟ್ಟಿದ್ದಿಲ್ಲ. ಮುಂದಿನ ಬೆಳೆ ಹಾಳಾದ್ರೆ ಬ್ಯಾರಿ ಅಗೆದದ್ದು ಅಂತ ಆಗ್ತದೆ. ಮತ್ತೆ ನನ್ನ ಒಣಮೀನು ಯಾರು ತಗೊಳ್ಳುವುದು? ಎಮ್ಮೆಯಾ?"

ನಗು ಎದ್ದಿತು. ನನಗೆ ನಗು ಬರಲಿಲ್ಲ. ಇನ್‌ಸ್ಪೆಕ್ಟರು ಆಗಲೇ ಬೇರೆ ಶಾಲೆಗಳನ್ನು ನೋಡಲು ಹೊರಟಾಗಿತ್ತು; ಬರಬೇಡಿ ಎಂದು ಹೇಳಿ ಕಳಿಸಲು ಅವರು ಎಲ್ಲಿದ್ದಾರೆ ಎಂದೇ ಗೊತ್ತಿಲ್ಲ. ನಾಳೆ ಬರುತ್ತಾರೆ, ರಾಶಿ ಹುಲ್ಲು ನೋಡುತ್ತಾರೆ, ಹೋಗುತ್ತಾರೆ. ನಾನು ಪಿಕ್ಕಾಸು ಎಸೆದು ಬಿದಿರಿನ ರಾಶಿಯ ಮೇಲೆ ಕೂತೆ.

"ಕಂಬಕ್ಕೆ ಗುಂಡಿ ಬೇಕೇ ಬೇಕಾ?" ಎಂದ ಯಾರೋ.

"ಇಲ್ಲ, ಆಕಾಶಕ್ಕೆ ಕಟ್ಟಿ ನೇತು ಹಾಕುವ," ಎಂದೆ.

"ಒಂದು ಬದಿ ಹಲಸಿನ ಮರಕ್ಕೆ ಕಟ್ಟಬಹುದು," ಎಂದ ಇನ್ನೊಬ್ಬ, ನಿಜಕ್ಕೇ ಮೇಲೆ ನೋಡುತ್ತಾ. "ಇನ್ನೊಂದು ಬದಿಗೆ ಕಂಬ ಬೇಕಲ್ಲ. ಬರೇ ನೆಲದ ಮೇಲೆ ಇಟ್ರೆ ಜಾರ್ತದೆ."

"ಅದಕ್ಕೇ ಹೇಳುವುದು, ಗುಂಡಿ ಬೇಕು ಅಂತ," ಎಂದರು ಸಾಹುಕಾರರು. "ರೆಡಿ ಗುಂಡಿ ಎಲ್ಲಿಯಾದ್ರೂ ಬಾಡಿಗೆಗೆ ಸಿಗ್ತದಾ ಕೇಳಿ. ಕಲ್ಲಡ್ಕ ಪೇಟೆಯಲ್ಲಿ ಎಲ್ಲ ಸಿಗ್ತದೆ."

"ಕಲ್ಲಡ್ಕಕ್ಕೆ ಎಂತಕ್ಕೆ?" ಎಂದಳು ಅಕ್ಕ. "ನಮ್ಮ ಮನೆಯಲ್ಲೇ ಒಂದು ಉಂಟು."

"ಎಂತದು?"

"ಗುಂಡಿ. ಒರಳಿನ ಗುಂಡಿ."

ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ಒಬ್ಬೊಬ್ಬರದ್ದೇ ನಿಂತಿತು. ಭತ್ತ ಕುಟ್ಟುವ ಕಲ್ಲಿನ ಒರಳು ಎಲ್ಲ ಮನೆಯಲ್ಲೂ ಇತ್ತು. ಹಬ್ಬಕ್ಕೆ ಬೇಕಾದ ಹುಡಿಯನ್ನು ಮೊದಲೇ ಕುಟ್ಟಿ ಇಟ್ಟಿದ್ದರು. ಒರಳಿಗೆ ಆ ದಿನಗಳಲ್ಲಿ ಕೆಲಸ ಇರಲಿಲ್ಲ. ಒರಳನ್ನು ನೆಲದ ಮೇಲೆ ಇಡುವುದಕ್ಕೆ ಅಗೆಯಬೇಕಾಗಿಲ್ಲ. ಅದರ ಗುಂಡಿಗೆ ಕಂಬ ಇಳಿಸಿ, ಸುತ್ತ ಕಲ್ಲು ಜಡಿದು, ಮೇಲೆ ಬಿದಿರಿನಿಂದ ಒಂದಕ್ಕೊಂದು ಬಿಗಿದು ಹಲಸಿನ ಮರಕ್ಕೆ ಕಟ್ಟಿದರೆ?

"ಬೀಳ್ತದೆ," ಎಂದರು ಯಜಮಾನರು.

"ನಾಳೆ ಸಂಜೆಯವರೆಗೆ ನಿಂತ್ರೆ ಸಾಕು ಧಣಿ," ಎಂದೆ ನಾನು, ಎದ್ದು.

ಆಮೇಲೆ ನೋಡಬೇಕಿತ್ತು. ಒರಳಿಗೆ ಹಗ್ಗ ಬಿಗಿದು, ಅಡ್ಡೆ ಹಾಕಿ, ಮದುಮಗಳ ಪಲ್ಲಕ್ಕಿ ಹೊತ್ತ ಹಾಗೆ ಗಂಡಸರು ಹೊತ್ತು ತಂದರು. ಗುತ್ತಿನ ಒರಳು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಎರಡು ಪಟ್ಟು ಜನ ಬೇಕಾಯಿತು, ಎರಡು ಪಟ್ಟು ಬೊಬ್ಬೆಯೂ. ಹೆಂಗಸರು ತಮ್ಮ ತಮ್ಮ ಒರಳಿನ ಪಕ್ಕ ಕಾವಲು ನಿಂತರು.

"ಕಂಬದ ಬುಡ ತೊಳೆದು ಇಳಿಸಿ! ನಾಡಿದ್ದು ನಾವು ಅದರಲ್ಲಿ ಅಕ್ಕಿ ಮಾಡುವುದು!"

"ಮೆಲ್ಲ ಮಾರಾಯ, ನನ್ನ ಅತ್ತೆಯ ಕಾಲದ್ದು ಅದು."

"ಅತ್ತೆ ಹೋದ್ರೂ ಒರಳಿಗೆ ಹೆದರ್ತೀಯಲ್ಲ!"

"ಅತ್ತೆ ಹೋದದ್ದು ಹೌದು. ಒರಳು ಎಲ್ಲ ಹೇಳ್ತದೆ."

ಹೀಗೆ ಕಂಬಗಳನ್ನೆಲ್ಲ ಸ್ನಾನ ಮಾಡಿಸಿ ನಿಲ್ಲಿಸಿದೆವು. ಸಂಜೆಗೆ ಹುಲ್ಲು ಹೊದಿಸಿ ಆಯಿತು. ಕೆಳಗೆ ನಿಂತು ನೋಡಿದರೆ ಶಾಲೆ ಮಣ್ಣನ್ನು ಮುಟ್ಟದೆ ತುದಿಗಾಲಿನಲ್ಲಿ ನಿಂತ ಹಾಗೆ ಇತ್ತು. ಮಕ್ಕಳು ಕ್ಲಾಸು ಬಿಟ್ಟು ಒರಳಿನ ಪ್ರಕಾರ ಕೂತರು. "ಇದು ನಮ್ಮ ಕಂಬ," ಎಂದು ಜಗಳ.

ಶನಿವಾರ ಹತ್ತು ಗಂಟೆಯ ಹೊತ್ತಿಗೆ ಇನ್‌ಸ್ಪೆಕ್ಟರು ಬಂದರು. ಕೊಡೆ, ಬೂಟು, ಬೆವರು. ಒಳಗೆ ಕೂರಲಿಲ್ಲ. ಕಂಬದಿಂದ ಕಂಬಕ್ಕೆ ಹೋಗಿ ಬಗ್ಗಿ ನೋಡಿದರು. ಒಂದನ್ನು ಕೊಡೆಯಿಂದ ಕುಟ್ಟಿದರು.

"ಏನ್ರೀ ಮೇಷ್ಟ್ರೇ ಇದು? ಒರಳುಕಲ್ಲಲ್ಲಿ ಕಂಬ ನಿಲ್ಸಿದೀರಾ?"

"ಹೌದು ಸಾರ್."

"ಯಾಕೆ?"

"ಅಗೆಯಲಿಕ್ಕಿಲ್ಲ ಸಾರ್. ಕೆಡ್ಡಸ. ಭೂಮಿ ಮುಟ್ಟಾಗಿದೆ. ಇವತ್ತು ಕೊನೆಯ ದಿನ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಯಜಮಾನರು ಮರದ ಮೇಲೆ ಏನೋ ಹುಡುಕುತ್ತಿದ್ದರು.

"ನೋಡಿ, ನಾನು ಬಹಳ ಶಾಲೆ ನೋಡಿದೀನಿ. ನಾನು ಬರ್ತೀನಿ ಅಂತ ಪಕ್ಕದೂರಿನ ಮಕ್ಕಳನ್ನ ತಂದು ಕೂರ್ಸಿದ್ದು ನೋಡಿದೀನಿ. ಬೇರೆ ಶಾಲೆ ಬೋರ್ಡು ತಂದು ನೇತು ಹಾಕಿದ್ದು ನೋಡಿದೀನಿ. ಎರವಲು ಒರಳಲ್ಲಿ ಎರವಲು ಶಾಲೆ ಇವತ್ತೇ ನೋಡ್ತಿರೋದು. ನಾನು ಬಸ್ ಹತ್ತಿದ ಕೂಡ್ಲೆ ಒರಳೆಲ್ಲ ಮನೆಗೆ, ಶಾಲೆ ನೆಲಕ್ಕೆ. ಅಲ್ವೇನ್ರೀ?"

ನನಗೆ ಸುತ್ತು ಬಳಸಿ ಮಾತಾಡಲು ಬರುವುದಿಲ್ಲ. "ಹಾಗಾದ್ರೆ ಬಸ್ಸು ಹತ್ತಬೇಡಿ ಸಾರ್," ಎಂದೆ. "ನಾಳೆ ಬೆಳಿಗ್ಗೆ ಗುಂಡಿ ತೋಡ್ತಾರೆ. ಇದ್ದು ನೋಡಿ ಹೋಗಿ."

ಯಜಮಾನರಿಗೆ ಕೆಮ್ಮು ಬಂತು. ಇನ್‌ಸ್ಪೆಕ್ಟರು ಕೊಡೆಯನ್ನು ಕಂಬಕ್ಕೆ ಒರಗಿಸಿದರು. "ಸರಿ," ಎಂದರು. "ಇರ್ತೀನಿ. ನಾಳೆ ಕಂಬ ನೆಲದಲ್ಲಿ ನಿಂತಿದ್ರೆ ನಾನು ಬರೆಯೋದು ಒಂದು. ಇಲ್ದಿದ್ರೆ ಇನ್ನೊಂದು."

ಪಾಠ ಕೇಳಿದರು. "ಕೂತ್ಕೊಳ್ರೋ," ಎಂದರೆ ಮಕ್ಕಳು ಆ ಮಾತಿನ ವೇಗಕ್ಕೆ ಬೆಪ್ಪಾಗಿ ನನ್ನ ಮುಖ ನೋಡಿದರು. ನಾನು ಕೈ ತೋರಿಸಿದ ಮೇಲೆ ಕೂತರು. ಓದಿಸಿದರು, ಲೆಕ್ಕ ಕೊಟ್ಟರು. ಓದಿದ್ದಕ್ಕೆ ತಲೆ ಆಡಿಸಿದರು, ಲೆಕ್ಕಕ್ಕೆ ಆಡಿಸಲಿಲ್ಲ.

ನಾನು ದೊಡ್ಡ ಬಾಯಿ ಮಾಡಿ ಹೇಳಿದ್ದೆನಲ್ಲ, ನಾಳೆ ತೋಡುತ್ತಾರೆ ಎಂದು. ಸಂಜೆ ಮನೆ ಮನೆಗೆ ಹೋದೆ. ಆಗ ಗೊತ್ತಾಯಿತು. ಕೆಡ್ಡಸ ಮುಗಿದ ಮರುದಿನ ಎಲ್ಲರಿಗೂ ಅವರವರ ಗದ್ದೆ. ಮೂರು ದಿನ ಕೈ ಕಟ್ಟಿ ಕೂತವರು. ಒಬ್ಬನಿಗೆ ತರಕಾರಿ ಸಾಲು, ಒಬ್ಬನಿಗೆ ಹೊಳೆಗೆ ಹಾಕಿದ ಕಟ್ಟದಿಂದ ನೀರು ಬಿಡುವುದು. "ನೋಡುವ ಮಾಷ್ಟ್ರೆ," ಎಂದರು. ಆ ಮಾತು ಕೇಳಿದರೆ ನನಗೆ ಜ್ವರ ಬರುತ್ತಿತ್ತು. ಕೊನೆಗೆ ಹೊಳೆಬದಿಗೆ ಹೋದೆ.

"ಅಕ್ಕ, ನಾಳೆ ಯಾರೂ ಬರುವ ಹಾಗೆ ಕಾಣುವುದಿಲ್ಲ. ಶಾಲೆ ಹೋಯ್ತು."

ಅವಳು ಅಂಗಳದ ಮೂಲೆಯಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು ಎದ್ದದ್ದಷ್ಟೇ. "ಗಂಜಿ ಆಯ್ತಾ?" ಎಂದು ಕೇಳಿದಳು.

"ಗಂಜಿ ಯಾರಿಗೆ ಬೇಕು!"

"ನಮಗೆ ಬೇಕು," ಎಂದಳು. "ಹೋಗಿ ಮಲಗಿ."

ಬೆಳಿಗ್ಗೆ ನಾನೊಬ್ಬನೇ ಹೋದೆ. ಇನ್‌ಸ್ಪೆಕ್ಟರು ಗುತ್ತಿನ ದೋಸೆ ತಿಂದು ಹಿಂದಿನಿಂದ ಬಂದು ಹಲಸಿನ ಬೇರಿನ ಮೇಲೆ ಕೂತರು. ಬಿಸಿಲು ಏರಿತು. ಯಾರೂ ಇಲ್ಲ. ನಾನು ಪಿಕ್ಕಾಸು ಎತ್ತಿದೆ. ನೆಲ ಕಬ್ಬಿಣದ ಹಾಗೆ, ಕೆಂಪು ಮುರಕಲ್ಲು. ಕೈಯಲ್ಲಿ ಗುಳ್ಳೆ ಎದ್ದಿತು. ಗುಂಡಿ ಮೊಣಕಾಲಿಗೂ ಬಂದಿರಲಿಲ್ಲ.

"ನೀವೊಬ್ರೇನಾ?" ಎಂದರು ಇನ್‌ಸ್ಪೆಕ್ಟರು. ಗೇಲಿ ಮಾಡಿದ್ದಲ್ಲ. ಆ ದನಿ ನನಗೆ ಗೇಲಿಗಿಂತ ಹೆಚ್ಚು ಚುಚ್ಚಿತು.

ಆಗ ದಾರಿಯಲ್ಲಿ ಅಕ್ಕ ಕಂಡಳು. ತಲೆಯ ಮೇಲೆ ಬೇಯಿಸಿ ಒಣಗಿಸಿದ ಭತ್ತದ ಕುಕ್ಕೆ, ಕೈಯಲ್ಲಿ ಒನಕೆ. ಹಿಂದೆ ಅವಳ ಮೈದುನ ಹಾರೆ ಹಿಡಿದು, ನಿದ್ದೆಗಣ್ಣಿನಲ್ಲಿ ಬೈಯುತ್ತಾ ಬರುತ್ತಿದ್ದ.

"ನನಗೆ ನನ್ನ ಒರಳು ಬೇಕು," ಎಂದಳು ಅಂಗಳದ ನಡುವೆ ನಿಂತು. "ಮನೆಯಲ್ಲಿ ಒಂದು ಹಿಡಿ ಅಕ್ಕಿ ಇಲ್ಲ. ಅಕ್ಕಿ ಕುಟ್ಟದೆ ಗಂಜಿ ಇಲ್ಲ. ಕಂಬ ತೆಗೀದೆ ಒರಳು ಇಲ್ಲ. ಗುಂಡಿ ತೋಡದೆ ಕಂಬ ಇಡುವುದು ಎಲ್ಲಿ? ತೋಡು ಮಾರಾಯ!"

ಮೈದುನ ತೋಡಿದ. ಅವನು ಅರ್ಧ ತೋಡುವಷ್ಟರಲ್ಲಿ ಇನ್ನೊಂದು ಮನೆಯ ಹೆಂಗಸು ಗಂಡನನ್ನು ಮುಂದೆ ಮಾಡಿಕೊಂಡು ಬಂದಳು. ಆಮೇಲೆ ಇನ್ನೊಬ್ಬಳು. ಗದ್ದೆಗೆ ಹೋಗಿದ್ದವರನ್ನು ಗದ್ದೆಯಿಂದಲೇ ಎಬ್ಬಿಸಿ ತಂದಿದ್ದರು. ಸಾಹುಕಾರರು ಬಂದರು, ಅವರ ಹೆಂಡತಿಯ ಒರಳೂ ಅಲ್ಲಿತ್ತು. "ನನ್ನ ಮನೆಯಲ್ಲಿ ಬೆಳಿಗ್ಗೆಯಿಂದ ಯುದ್ಧ," ಎಂದು ಅಂಗಿ ಬಿಚ್ಚಿ ಹಾರೆ ಹಿಡಿದರು. ಕೊನೆಗೆ ಗುತ್ತಿನ ಯಜಮಾನರು ಆಳುಗಳ ಜೊತೆ ಅವಸರದಲ್ಲಿ ಬಂದರು. ಮನೆಯೊಳಗಿನ ಹೆಂಗಸರು ಅವರಿಗೂ ಹೇಳಿ ಕಳಿಸಿ ಆಗಿತ್ತು.

"ಮೊದಲು ನಮ್ಮದು!"

"ನಿಮ್ಮದು ಯಾಕೆ ಮೊದಲು? ನಾವು ಬಂದದ್ದು ಮೊದಲು."

"ಒಂದು ಬದಿಯಿಂದ ತೆಗೀಬೇಕು, ಇಲ್ಲದಿದ್ರೆ ಮಾಡು ಅಡ್ಡ ಬೀಳ್ತದೆ, ಬುದ್ಧಿ ಉಂಟಾ ನಿಮಗೆ?"

ಒಂದೊಂದಾಗಿ ಗುಂಡಿ ಆಯಿತು. ಮಾಡನ್ನು ಬಿದಿರಿನಲ್ಲಿ ಎತ್ತಿ ಹಿಡಿದು, ಕಂಬವನ್ನು ಒರಳಿನಿಂದ ತೆಗೆದು ಗುಂಡಿಗೆ ಇಳಿಸಬೇಕು. ಒಂದು ಕಡೆ ಹಿಡಿಯಲು ಜನ ಸಾಲಲಿಲ್ಲ. ಹತ್ತಿರ ಯಾರಿದ್ದಾರೆ ಎಂದು ನೋಡದೆ, "ಇಕೊಳ್ಳಿ, ಇದನ್ನು ಹಿಡ್ಕೊಳ್ಳಿ," ಎಂದು ಬಿದಿರು ಚಾಚಿದೆ. ಹಿಡಿದದ್ದು ಇನ್‌ಸ್ಪೆಕ್ಟರು. ಬಿಡಲಿಲ್ಲ. ತಲೆಯ ಮೇಲೆ ಹುಲ್ಲು ಉದುರುತ್ತಿತ್ತು, ಬೂಟು ಮಣ್ಣಾಗಿತ್ತು, "ಎತ್ರೀ, ಇನ್ನೂ ಎತ್ರೀ, ಆ ಕಡೆ ನೋಡ್ರೀ," ಎಂದು ನಮಗೇ ಜೋರು ಮಾಡುತ್ತಿದ್ದರು. ಅವರ ಕನ್ನಡ ಯಾರಿಗೂ ಅರ್ಧ ತಿಳಿಯಲಿಲ್ಲ. ಎಲ್ಲರೂ ಎತ್ತಿದರು.

ಕೊನೆಯ ಕಂಬಕ್ಕೆ ಮಣ್ಣು ತುಳಿದು ಆದಾಗ ಮಧ್ಯಾಹ್ನ. ಅಂಗಳದ ಬದಿಯಲ್ಲಿ ಅಕ್ಕ ಒರಳು ತೊಳೆದು ಆಗಲೇ ಕುಟ್ಟಲು ಶುರು ಮಾಡಿದ್ದಳು. ಇನ್‌ಸ್ಪೆಕ್ಟರು ಕೈ ಒರೆಸುತ್ತಾ ಅವಳ ಹತ್ತಿರ ಹೋದರು.

"ಏನಮ್ಮಾ, ಒರಳು ಕೊಡುವಾಗ್ಲೇ ಹೀಗಾಗುತ್ತೆ ಅಂತ ಲೆಕ್ಕ ಹಾಕಿದ್ಯಾ?"

ನಾನು ತುಳುವಿನಲ್ಲಿ ಹೇಳಿದೆ. ಅವಳು ಒನಕೆ ನಿಲ್ಲಿಸಲಿಲ್ಲ. "ಲೆಕ್ಕ ಎಂತದ್ದು? ಇವರಿಗೆ ಮಧ್ಯಾಹ್ನ ಗಂಜಿ ಬೇಡವಾ ಅಂತ ಕೇಳಿ," ಎಂದಳು.

ಅದನ್ನು ನಾನು ಹಾಗೆಯೇ ಕನ್ನಡದಲ್ಲಿ ಹೇಳಿದೆ. ಅವರು ನಕ್ಕರು. ಬಂದ ಮೇಲೆ ಮೊದಲ ಸಲ. ಒರಳು ತೆಗೆದು ಖಾಲಿಯಾದ ಜಾಗದಲ್ಲಿ ನಿಂತು, ಹೊಸ ಕಂಬವನ್ನು ಎರಡು ಕೈಯಲ್ಲಿ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಶಾಲೆ ಮುಂದುವರಿಯಬಹುದು ಎಂದು ಬರೆದು, ಯಜಮಾನರ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, "ಲೆಕ್ಕ ಸಾಲದು ಮೇಷ್ಟ್ರೇ. ಮುಂದಿನ ಸಲ ಲೆಕ್ಕ ಕೇಳ್ತೀನಿ," ಎಂದರು.

"ಬನ್ನಿ ಸಾರ್," ಎಂದೆ.

ಅವರು ಬಸ್ಸಿಗೆ ಹೊರಟರು. ಆವತ್ತು ಭಾನುವಾರ. ಆದರೂ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ಅಲ್ಲೇ ಓಡಾಡುತ್ತಿದ್ದರು. ಮಣ್ಣು ಕೈಯಲ್ಲೇ ಬೋರ್ಡನ್ನು ಹೊಸ ಕಂಬಕ್ಕೆ ತಗಲಿ ಹಾಕಿದೆ, ನೇರ ನಿಲ್ಲುತ್ತದಾ ನೋಡಲು. ನಿಂತಿತು. ಮಕ್ಕಳು ಓಡಿ ಬಂದು ಕೂತರು. ಬೋರ್ಡು ಎದುರಿದೆ, ಮಕ್ಕಳು ಕೂತಿದ್ದಾರೆ, ನಾನು ಎಂತ ಮಾಡುವುದು? ಭಾಗಾಕಾರ ಶುರು ಮಾಡಿದೆ. ನೆರಳಿಗೆ ಬಂದ ದೊಡ್ಡವರು ಏಳಲಿಲ್ಲ. ಹಾರೆ ಮಡಿಲಲ್ಲಿಟ್ಟುಕೊಂಡು, ಎಲೆ ಅಡಿಕೆ ಜಗಿಯುತ್ತಾ, ಮಕ್ಕಳ ಹಿಂದೆ ಹಾಗೇ ಕೂತುಬಿಟ್ಟರು. ಜೀವನದಲ್ಲಿ ಅಷ್ಟು ದೊಡ್ಡ ಕ್ಲಾಸು ನಾನು ನೋಡಿರಲಿಲ್ಲ.

"ಮಾಷ್ಟ್ರೆ," ಎಂದರು ಸಾಹುಕಾರರು ಕೊನೆಯ ಸಾಲಿನಿಂದ. "ಸ್ವಲ್ಪ ಜೋರಾಗಿ ಹೇಳಿ. ಇಲ್ಲಿ ಹಿಂದೆ ಕೇಳುವುದಿಲ್ಲ."